ವಿವಾಹದ ಪರವಾಗಿ ಮಾತನಾಡುವವರು ಯಾರು?

ಗೇರುಸೊಪ್ಪೆಯಿಂದ ಹೊನ್ನಾವರದ ಅಳಿವೆಯವರೆಗೆ ಶರಾವತಿಯ ಎರಡೂ ದಡಗಳಲ್ಲಿ, ಅಲ್ಲಿಂದ ಉತ್ತರಕ್ಕೆ ಕುಮಟಾದವರೆಗೆ, ದಕ್ಷಿಣಕ್ಕೆ ಮಂಕಿ, ಮುರ್ಡೇಶ್ವರ, ಭಟ್ಕಳದವರೆಗೆ ಮುಸ್ಲಿಮರು, ಹಿಂದೂಗಳು ಮತ್ತು ಕೊಂಕಣಿ ಮಾತನಾಡುವ ಕ್ಯಾಥೊಲಿಕ್ ಕ್ರೈಸ್ತರು ತಲೆಮಾರುಗಳಿಂದ ನೆರೆಹೊರೆಯವರಾಗಿ ಬಾಳಿದ್ದಾರೆ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿ ಹರಸಿ ಬರುತ್ತಾರೆ. ಆದರೆ ಆ ಮದುವೆಯನ್ನು ನೆರೆಯವನ ಧರ್ಮ ಹೇಗೆ ಕಾಣುತ್ತದೆ, ಅದು ಮುರಿಯುವ ಹೊತ್ತಿನಲ್ಲಿ ಆ ಧರ್ಮ ಏನು ಹೇಳುತ್ತದೆ ಎಂಬುದನ್ನು ತಿಳಿಯುವ ಗೋಜಿಗೆ ನಾವು ಹೋಗಿಲ್ಲ. ನಮ್ಮ ಕುರಿತು ಕ್ಯಾಥೊಲಿಕ್ ನೆರೆಯವರಿಗೆ ಗೊತ್ತಿರುವುದು ಒಂದೇ ವಾಕ್ಯ: ಮುಸ್ಲಿಮರಲ್ಲಿ ಮೂರು ಸಲ ತಲಾಕ್ ಎಂದರೆ ಎಲ್ಲವೂ ಮುಗಿಯಿತು. ಅವರ ಕುರಿತು ನಮಗೆ ಗೊತ್ತಿರುವುದೂ ಒಂದೇ ವಾಕ್ಯ: ಕ್ರೈಸ್ತರಲ್ಲಿ ವಿಚ್ಛೇದನವೇ ಇಲ್ಲ. ಎರಡೂ ಅರ್ಧಸತ್ಯಗಳು. ಅರ್ಧಸತ್ಯಗಳಿಂದ ನೆರೆಹೊರೆಗೆ ಹಾನಿಯಿದೆ; ಅದಕ್ಕಿಂತ ಹೆಚ್ಚಾಗಿ, ನಮ್ಮನ್ನು ನಾವು ಪರಿಶೀಲಿಸಿಕೊಳ್ಳುವ ಅವಕಾಶ ತಪ್ಪಿಹೋಗುತ್ತದೆ.

ಈ ಎರಡು ಅರ್ಧಸತ್ಯಗಳು ಒಮ್ಮೆ ಸುಪ್ರೀಂ ಕೋರ್ಟಿನಲ್ಲಿ ಮುಖಾಮುಖಿಯಾದವು. ದಕ್ಷಿಣ ಕನ್ನಡದ ಕ್ಯಾಥೊಲಿಕ್ ಸಂಘಟನೆಯ ಅಧ್ಯಕ್ಷರಾಗಿದ್ದ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು 2013ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದನ್ನು ಸಲ್ಲಿಸಿದರು. ಕ್ಯಾಥೊಲಿಕ್ ಧರ್ಮಸಭೆಯ ನ್ಯಾಯಮಂಡಳಿಯು ಒಂದು ವಿವಾಹವನ್ನು ಅಸಿಂಧುವೆಂದು ಘೋಷಿಸಿದರೆ ಅದನ್ನು ದೇಶದ ಸಿವಿಲ್ ನ್ಯಾಯಾಲಯಗಳೂ ಮನ್ನಿಸಬೇಕು ಎಂಬುದು ಅವರ ಬೇಡಿಕೆ. ಅದಕ್ಕೆ ಅವರು ನೀಡಿದ ಕಾರಣಗಳಲ್ಲಿ ಒಂದು ನಮ್ಮನ್ನು ನೇರವಾಗಿ ತಟ್ಟುವಂಥದು. ಮುಸ್ಲಿಮರ ವೈಯಕ್ತಿಕ ಕಾನೂನಿನ ಪ್ರಕಾರ ಮೂರು ಬಾರಿ ತಲಾಕ್ ಉಚ್ಚರಿಸಿದ್ದನ್ನು ನ್ಯಾಯಾಲಯಗಳು ಒಪ್ಪುವುದಾದರೆ, ದೀರ್ಘ ವಿಚಾರಣೆ ನಡೆಸಿ ಧರ್ಮಸಭೆ ನೀಡಿದ ತೀರ್ಪನ್ನು ಏಕೆ ಒಪ್ಪಬಾರದು ಎಂದು ಅವರು ಕೇಳಿದ್ದರು. 1996ರ ಮೋಲಿ ಜೋಸೆಫ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಅನುಸರಿಸಿ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಅರ್ಜಿಯನ್ನು ವಜಾಗೊಳಿಸಿತು. ಕ್ರೈಸ್ತರ ವಿಚ್ಛೇದನಕ್ಕೆ ಸಂಸತ್ತಿನ ಕಾಯ್ದೆಯೊಂದು ಇರುವಾಗ ಧರ್ಮಸಭೆಯ ತೀರ್ಪು ಅದರ ಜಾಗವನ್ನು ತುಂಬಲಾರದು ಎಂಬುದು ಅದರ ಸಾರ. ಅದೇ ವರ್ಷ ಆಗಸ್ಟ್ 22ರಂದು ಅದೇ ನ್ಯಾಯಾಲಯ ಒಂದೇ ಉಸಿರಿನ ಮೂರು ತಲಾಕನ್ನೂ 3:2 ಬಹುಮತದಿಂದ ಅಸಿಂಧುಗೊಳಿಸಿತು.

ಏಳು ತಿಂಗಳ ಅಂತರದ ಈ ಎರಡು ತೀರ್ಪುಗಳಲ್ಲಿ ಎರಡನೆಯದನ್ನಷ್ಟೇ ನಾವು ಚರ್ಚಿಸಿದೆವು. ಮೊದಲನೆಯದರಲ್ಲಿ ನಮಗೊಂದು ಪಾಠವಿತ್ತು. ವಿವಾಹವನ್ನು ನಮ್ಮಂತೆಯೇ ಪವಿತ್ರವೆಂದು ನಂಬುವ ಒಂದು ಸಮುದಾಯವು ನಮ್ಮ ಧರ್ಮದ ಶಿಸ್ತನ್ನು ತನ್ನ ಬೆಂಬಲಕ್ಕೆ ಉದಾಹರಿಸಬಹುದಿತ್ತು. ಆದರೆ ಅದರ ಕಣ್ಣಿಗೆ ಬಿದ್ದುದು ನಮ್ಮ ಆತುರದ ಆಚರಣೆ.

ಕ್ಯಾಥೊಲಿಕ್ ಕಾನೂನು ಏನನ್ನು ಹೇಳುತ್ತದೆ?

1983ರಲ್ಲಿ ಪರಿಷ್ಕೃತವಾದ ಕ್ಯಾಥೊಲಿಕ್ ಧರ್ಮಸಂಹಿತೆ, ಅಂದರೆ ಕ್ಯಾನನ್ ಕಾನೂನು, ವಿವಾಹವನ್ನು ಜೀವಮಾನವಿಡೀ ನಡೆಯುವ ಸಹಬಾಳ್ವೆಯ ಒಡಂಬಡಿಕೆ ಎಂದು ನಿರೂಪಿಸುತ್ತದೆ. ದಂಪತಿಗಳ ಹಿತವೂ ಸಂತಾನದ ಜನನ ಮತ್ತು ಪೋಷಣೆಯೂ ಅದರ ಉದ್ದೇಶ. ಗಂಡು ಹೆಣ್ಣಿನ ಸ್ವಂತ ಒಪ್ಪಿಗೆಯಿಂದಲೇ ಅದು ಸಂಭವಿಸುತ್ತದೆ. ಬೇರಾರೂ ಅವರ ಪರವಾಗಿ ಆ ಒಪ್ಪಿಗೆ ನೀಡಲಾರರು. ಕ್ರೈಸ್ತ ದೀಕ್ಷೆ ಪಡೆದ ಇಬ್ಬರ ನಡುವೆ ಕ್ರಮಬದ್ಧವಾಗಿ ನಡೆದು, ದಾಂಪತ್ಯದಲ್ಲಿ ಪೂರ್ಣಗೊಂಡ ವಿವಾಹವನ್ನು ಮರಣದ ಹೊರತು ಯಾವ ಮಾನವಶಕ್ತಿಯೂ ಬಿಡಿಸಲಾಗದು ಎಂಬುದು ಆ ಸಂಹಿತೆಯ 1141ನೇ ವಿಧಿ.

ಈ ಕಾನೂನು ಒಂದೇ ದಿನದಲ್ಲಿ ರೂಪುಗೊಂಡುದಲ್ಲ. ಒಂದು ಕಾಲದಲ್ಲಿ ಯೂರೋಪಿನಲ್ಲಿ ಗಂಡು ಹೆಣ್ಣು ಯಾರಿಗೂ ತಿಳಿಯದಂತೆ ಪರಸ್ಪರ ಒಪ್ಪಿದರೂ ಅದು ವಿವಾಹವಾಗುತ್ತಿತ್ತು. ಆಮೇಲೆ ಗಂಡು ಅದನ್ನು ನಿರಾಕರಿಸಿದರೆ ಹೆಣ್ಣಿಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಈ ಅನ್ಯಾಯವನ್ನು ತಡೆಯಲು 1563ರಲ್ಲಿ ಟ್ರೆಂಟ್ ಮಹಾಸಭೆಯು ಧರ್ಮಗುರು ಮತ್ತು ಸಾಕ್ಷಿಗಳ ಸಮಕ್ಷಮದಲ್ಲೇ ವಿವಾಹ ನಡೆಯಬೇಕೆಂದು ವಿಧಿಸಿತು. ನಮ್ಮ ಗೇರುಸೊಪ್ಪೆಯಲ್ಲಿ ಆಗ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಳು. ಮೆಣಸಿನ ವ್ಯಾಪಾರಕ್ಕಾಗಿ ಪೋರ್ಚುಗೀಸರು ಈ ಕರಾವಳಿಯಲ್ಲಿ ಹಡಗು ನಡೆಸುತ್ತಿದ್ದರು. ನಿಕಾಹ್‌ಗೆ ವಲಿ ಮತ್ತು ಇಬ್ಬರು ಸಾಕ್ಷಿಗಳು ಬೇಕೆಂಬ ನಿಯಮವನ್ನು ಅದಕ್ಕೂ ಶತಮಾನಗಳ ಮೊದಲಿಂದ ಪಾಲಿಸುತ್ತಿದ್ದ ಮುಸ್ಲಿಮ್ ಕುಟುಂಬಗಳೂ ಈ ತೀರದಲ್ಲಿದ್ದವು. ಇಬ್ಬರೂ ಒಂದೇ ತಿಳಿವಳಿಕೆಗೆ ಬಂದಿದ್ದರು: ವಿವಾಹ ಇಬ್ಬರ ಖಾಸಗಿ ವ್ಯವಹಾರ ಮಾತ್ರವಲ್ಲ, ಸಮುದಾಯವೂ ಅದಕ್ಕೆ ಹೊಣೆ.

ಹಾಗಾದರೆ ಸಹಿಸಲಾಗದ ವಿವಾಹದಲ್ಲಿ ಸಿಲುಕಿದ ಕ್ಯಾಥೊಲಿಕರಿಗೆ ಏನು ದಾರಿ? ಅವರ ಕಾನೂನಿನಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಪ್ರತ್ಯೇಕ ವಾಸ. ವ್ಯಭಿಚಾರ ನಡೆದಾಗ, ಅಥವಾ ಸಂಗಾತಿಯಿಂದ ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯವಿದ್ದಾಗ ಬೇರೆ ಇರಲು ಅವಕಾಶವಿದೆ. ಆದರೆ ಬಂಧ ಉಳಿದಿರುತ್ತದೆ, ಮರುಮದುವೆ ಇಲ್ಲ. ಎರಡನೆಯದು ಅಸಿಂಧು ಘೋಷಣೆ. ವಿವಾಹದ ದಿನವೇ ಒಪ್ಪಿಗೆಯಲ್ಲಿ ದೋಷವಿತ್ತು, ಒತ್ತಾಯವಿತ್ತು, ವಂಚನೆಯಿತ್ತು, ಅಥವಾ ದಾಂಪತ್ಯದ ಹೊಣೆ ಅರಿಯುವ ಶಕ್ತಿಯೇ ಇರಲಿಲ್ಲ ಎಂದು ಸಾಬೀತಾದರೆ, ಆ ವಿವಾಹ ಮೊದಲಿನಿಂದಲೂ ಇರಲಿಲ್ಲ ಎಂದು ನ್ಯಾಯಮಂಡಳಿ ಘೋಷಿಸುತ್ತದೆ. ಇದ್ದ ವಿವಾಹವನ್ನು ಅದು ಮುರಿಯುವುದಿಲ್ಲ. ವಿವಾಹವೇ ಆಗಿರಲಿಲ್ಲ ಎನ್ನುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಈ ಪ್ರಕ್ರಿಯೆಯನ್ನು ಸರಳಗೊಳಿಸಿ, ಎರಡನೇ ನ್ಯಾಯಮಂಡಳಿಯೂ ಅದೇ ತೀರ್ಪು ನೀಡಬೇಕೆಂಬ ಹಳೆಯ ನಿಯಮವನ್ನು ತೆಗೆದರು.

ಈ ಪ್ರಕ್ರಿಯೆಯಲ್ಲಿ ನಮ್ಮ ಗಮನಕ್ಕೆ ಅರ್ಹವಾದ ಒಂದು ಹುದ್ದೆಯಿದೆ. ಅದರ ಹೆಸರು ‘ಬಂಧದ ರಕ್ಷಕ’. ಅಸಿಂಧುವಿಗಾಗಿ ಬಂದ ಪ್ರತಿಯೊಂದು ಪ್ರಕರಣದಲ್ಲೂ ಈ ಅಧಿಕಾರಿ ಇರಲೇಬೇಕು. ಗಂಡನ ಪರವಾಗಲಿ ಹೆಂಡತಿಯ ಪರವಾಗಲಿ ವಾದಿಸುವುದು ಇವರ ಕೆಲಸವಲ್ಲ. ಆ ವಿವಾಹ ಸಿಂಧುವೇ ಆಗಿದೆ ಎನ್ನಲು ನ್ಯಾಯೋಚಿತವಾಗಿ ಹೇಳಬಹುದಾದ ಎಲ್ಲವನ್ನೂ ಮಂಡಿಸುವುದು ಇವರ ಕರ್ತವ್ಯ. ಇಬ್ಬರೂ ಬೇಡವೆಂದು ಬಂದಿದ್ದರೂ ವಿವಾಹದ ಪರವಾಗಿ ಒಬ್ಬರು ಮಾತನಾಡಲೇಬೇಕು ಎಂಬುದು ಅದರ ಹಿಂದಿನ ತತ್ವ.

ದೋಷಾರೋಪವಿಲ್ಲದ ವಿಚ್ಛೇದನಕ್ಕೆ ವಿರೋಧವೇಕೆ?

1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಒಂದು ಕಾನೂನಿಗೆ ಸಹಿ ಹಾಕಿದರು. 1970ರ ಮೊದಲ ದಿನದಿಂದ ಅದು ಜಾರಿಗೆ ಬಂತು. ಸಂಗಾತಿಯ ಯಾವ ತಪ್ಪನ್ನೂ ತೋರಿಸದೆ, ನಮ್ಮ ನಡುವೆ ಸರಿಪಡಿಸಲಾಗದ ಭಿನ್ನತೆಗಳಿವೆ ಎಂದಷ್ಟೇ ಹೇಳಿ ವಿಚ್ಛೇದನ ಪಡೆಯಲು ಅದು ಅವಕಾಶ ನೀಡಿತು. ಬರಬರುತ್ತಾ ಅಮೆರಿಕದ ಎಲ್ಲ ರಾಜ್ಯಗಳೂ ಒಂದಲ್ಲ ಒಂದು ರೂಪದಲ್ಲಿ ಇದನ್ನು ಅನುಸರಿಸಿದವು; ಇಂಗ್ಲೆಂಡಿನಲ್ಲಿ ಇಂಥ ಕಾನೂನು 2022ರ ಏಪ್ರಿಲ್‌ನಲ್ಲಿ ಜಾರಿಯಾಯಿತು.

ಕ್ಯಾಥೊಲಿಕ್ ಚಿಂತಕರ ಆಕ್ಷೇಪವು ವಿಚ್ಛೇದನ ಪಾಪ ಎಂಬಷ್ಟಕ್ಕೇ ನಿಲ್ಲುವುದಿಲ್ಲ. ಅದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ವಾಗ್ದಾನ ಮುರಿದವನಿಗೂ ವಾಗ್ದಾನಕ್ಕೆ ಬದ್ಧಳಾಗಿ ನಿಂತವಳಿಗೂ ಈ ಕಾನೂನಿನ ಮುಂದೆ ವ್ಯತ್ಯಾಸವಿಲ್ಲ. ಯಾರು ಯಾರನ್ನು ತೊರೆದರು ಎಂದು ಅದು ಕೇಳುವುದಿಲ್ಲ. ಒಬ್ಬರು ಮುಗಿಯಿತು ಎಂದರೆ, ಉಳಿಸಿಕೊಳ್ಳಲು ಹೆಣಗುತ್ತಿರುವ ಇನ್ನೊಬ್ಬರ ಮಾತಿಗೆ ಬೆಲೆ ಇಲ್ಲ. ಪ್ರತಿವಾದಕ್ಕೆ ವಿಷಯವೇ ಉಳಿಯುವುದಿಲ್ಲ. ಸಾವಿರ ರೂಪಾಯಿಯ ಕರಾರನ್ನು ಮುರಿದವನನ್ನೂ ಏಕೆ ಮುರಿದೆ ಎಂದು ಕೇಳುವ ನ್ಯಾಯಾಲಯ, ಜೀವಮಾನದ ಕರಾರನ್ನು ಮುರಿದವನನ್ನು ಏನೂ ಕೇಳದೆ ಕಳುಹಿಸುತ್ತದೆ. ಧರ್ಮಸಂಹಿತೆಯ 1692ನೇ ವಿಧಿಯ ಪ್ರಕಾರ ಪ್ರತ್ಯೇಕ ವಾಸದ ವಿಷಯವೂ ಬಿಷಪರ ಅಥವಾ ಧರ್ಮಸಭೆಯ ನ್ಯಾಯಾಧೀಶರ ವಿಚಾರಣೆಗೆ ಒಳಪಟ್ಟದ್ದು; ಆದ್ದರಿಂದ ಅವರನ್ನು ಕೇಳದೆ ನೇರವಾಗಿ ಸಿವಿಲ್ ನ್ಯಾಯಾಲಯಕ್ಕೆ ಓಡುವುದು ಕ್ಯಾಥೊಲಿಕನಿಗೆ ತಕ್ಕುದಲ್ಲ ಎಂದು ಅಮೆರಿಕದ ಕೆಲವು ಭಕ್ತರು ತಮ್ಮ ಧರ್ಮಸಭೆಯನ್ನೇ ಎಚ್ಚರಿಸುತ್ತಿದ್ದಾರೆ.

ನಮ್ಮ ದೇಶದಲ್ಲೂ ಈ ಚರ್ಚೆ ಹೊಸದಲ್ಲ. ಸರಿಪಡಿಸಲಾಗದಂತೆ ಮುರಿದ ವಿವಾಹವನ್ನು ವಿಚ್ಛೇದನಕ್ಕೆ ಆಧಾರವಾಗಿಸಬೇಕೆಂದು ಕಾನೂನು ಆಯೋಗ 1978ರಲ್ಲೂ 2009ರಲ್ಲೂ ಶಿಫಾರಸು ಮಾಡಿತು. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಿಗೆ ಇದನ್ನು ಸೇರಿಸುವ ಮಸೂದೆ 2013ರಲ್ಲಿ ರಾಜ್ಯಸಭೆಯನ್ನು ದಾಟಿದರೂ ಕಾನೂನಾಗಲಿಲ್ಲ. ವಿಚ್ಛೇದನದಿಂದ ತಾನು ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕುವೆನೆಂದು ಪತ್ನಿ ತಕರಾರು ಮಾಡಬಹುದೆಂಬ ರಕ್ಷಣೆ ಆ ಮಸೂದೆಯಲ್ಲಿತ್ತು. ತೊರೆಯಲ್ಪಡುವವರ ಕಷ್ಟವನ್ನು ಅದರ ಕರ್ತೃಗಳೂ ಬಲ್ಲವರಾಗಿದ್ದರು. 2023ರ ಮೇ 1ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 142ನೇ ವಿಧಿಯಡಿ ತಾನು ಅಂಥ ವಿವಾಹಗಳನ್ನು ವಿಸರ್ಜಿಸಬಹುದೆಂದು ಹೇಳಿತು. ಆದರೆ ಅದು ಯಾರ ಹಕ್ಕೂ ಅಲ್ಲ, ನ್ಯಾಯಾಲಯದ ವಿವೇಚನೆ ಮಾತ್ರ ಎಂದು ಸ್ಪಷ್ಟಪಡಿಸಿತು.

ಮುಚ್ಚಿದ ಬಾಗಿಲಿನ ಕಥೆ

ಕ್ಯಾಥೊಲಿಕರ ಈ ಆಕ್ಷೇಪದಲ್ಲಿ ಸತ್ಯವಿದೆ. ಹಾಗೆಂದು ಬಾಗಿಲನ್ನೇ ಮುಚ್ಚುವುದು ಪರಿಹಾರವೇ? ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ.

ಭಾರತದ ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆ ಬ್ರಿಟಿಷರು 1869ರಲ್ಲಿ ಮಾಡಿದ್ದು. ಅದರ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಾಗಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷಗಳ ಪರಿತ್ಯಾಗವನ್ನೋ, ಅಂಥ ಇನ್ನೊಂದನ್ನೋ ಸಾಬೀತುಪಡಿಸಬೇಕಾಗಿತ್ತು. ಹೊಡೆಯುವ ಗಂಡ ವ್ಯಭಿಚಾರಿಯಲ್ಲದಿದ್ದರೆ ಅವಳಿಗೆ ಬಿಡುಗಡೆ ಇರಲಿಲ್ಲ. ಜಿಲ್ಲಾ ನ್ಯಾಯಾಲಯ ನೀಡಿದ ತೀರ್ಪೂ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ದೃಢೀಕರಿಸುವವರೆಗೆ ಅಂತಿಮವಾಗುತ್ತಿರಲಿಲ್ಲ. 132 ವರ್ಷ ಹೀಗೇ ನಡೆಯಿತು. 1995ರಲ್ಲಿ ಕೇರಳ ಹೈಕೋರ್ಟು ಈ ತಾರತಮ್ಯವನ್ನು ಭಾಗಶಃ ರದ್ದುಮಾಡಿತು. 2001ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಆಗ ಸೇರಿದ 10ಎ ವಿಧಿಯು ಎರಡು ವರ್ಷ ಬೇರೆಯಾಗಿ ಬಾಳಿದ ದಂಪತಿಗಳಿಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶ ನೀಡಿತು. ಇತರರಿಗೆ ಒಂದು ವರ್ಷವಿರುವಾಗ ಕ್ರೈಸ್ತರಿಗೆ ಎರಡೇಕೆ ಎಂದು ಕೇಳಿ ಮೊದಲು ಕೇರಳ ಹೈಕೋರ್ಟು, ಬಳಿಕ ನಮ್ಮ ಕರ್ನಾಟಕ ಹೈಕೋರ್ಟು ಅದನ್ನು ಒಂದು ವರ್ಷವೆಂದೇ ಓದಬೇಕೆಂದವು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕ್ರೈಸ್ತ ಸಹೋದರಿಯರು ಅನುಭವಿಸಿದ್ದನ್ನು ನೆನೆದರೆ, ತಪ್ಪನ್ನು ಸಾಬೀತುಪಡಿಸಲೇಬೇಕು ಎಂಬ ನಿಯಮವೂ ಕೆಲವೊಮ್ಮೆ ನಿರಪರಾಧಿಯನ್ನೇ ಬಂಧಿಸುತ್ತದೆ ಎಂಬುದು ತಿಳಿಯುತ್ತದೆ.

ಇನ್ನೊಂದು ದೇಶವನ್ನು ನೋಡಿ. ಬಹುಸಂಖ್ಯಾತರು ಕ್ಯಾಥೊಲಿಕರಾಗಿರುವ ಫಿಲಿಪ್ಪೀನ್ಸ್‌ನಲ್ಲಿ ಸಾಮಾನ್ಯ ಪ್ರಜೆಗೆ ವಿಚ್ಛೇದನದ ಕಾನೂನಿಲ್ಲ. ಆದರೆ 1977ರ ಮುಸ್ಲಿಮ್ ವೈಯಕ್ತಿಕ ಕಾನೂನು ಸಂಹಿತೆಯ ಮೂಲಕ ಅಲ್ಲಿನ ಮುಸ್ಲಿಮರಿಗೆ ಇದೆ. ಅಲ್ಲಿನ ಸಂಸತ್ತಿನ ಕೆಳಮನೆ 2024ರಲ್ಲಿ ಎಲ್ಲರಿಗೂ ಅನ್ವಯಿಸುವ ವಿಚ್ಛೇದನ ಮಸೂದೆಯನ್ನು ಅಂಗೀಕರಿಸಿತು. ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ.

ಇದನ್ನು ಓದಿ ಹೆಮ್ಮೆಪಡುವ ಮೊದಲು ನಮ್ಮ ಇತಿಹಾಸವನ್ನೂ ನೆನೆಯಬೇಕು. ಕಳೆದ ಶತಮಾನದ ಆರಂಭದಲ್ಲಿ ಉತ್ತರ ಭಾರತದಲ್ಲಿ ಗಂಡ ನಾಪತ್ತೆಯಾದ, ಜೀವನಾಂಶ ಸಿಗದ ಮುಸ್ಲಿಮ್ ಮಹಿಳೆಯರಿಗೆ ಪ್ರಚಲಿತ ಹನಫೀ ಅಭಿಪ್ರಾಯದಲ್ಲಿ ಬಿಡುಗಡೆಯ ದಾರಿ ದುರ್ಲಭವಾಗಿತ್ತು. ಕೆಲವರು ವಿವಾಹದಿಂದ ಪಾರಾಗಲು ಇಸ್ಲಾಮನ್ನೇ ತೊರೆಯುವ ಸ್ಥಿತಿಗೆ ಬಂದರು. ಇದರಿಂದ ತಳಮಳಗೊಂಡ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮಾಲಿಕೀ ಮದ್‌ಹಬ್‌ನ ಅಭಿಪ್ರಾಯಗಳನ್ನು ಸ್ವೀಕರಿಸಿ ದಾರಿ ತೋರಿಸಿದರು. ಅದೇ ಚಿಂತನೆಯ ಫಲವಾಗಿ 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ಬಂತು. ಧರ್ಮ ತೆರೆದಿಟ್ಟ ಬಾಗಿಲನ್ನು ಧರ್ಮದ ಅನುಯಾಯಿಗಳು ಮುಚ್ಚಿದರೆ ಜನರು ಧರ್ಮದಿಂದಲೇ ಹೊರನಡೆಯುತ್ತಾರೆ.

ಇಸ್ಲಾಮಿನ ಮಧ್ಯಮ ಮಾರ್ಗ

ಪವಿತ್ರ ಕುರ್‌ಆನ್ ವಿವಾಹವನ್ನು ‘ಮೀಸಾಕನ್ ಗಲೀಝಾ’, ಅಂದರೆ ಸುದೃಢ ಕರಾರು ಎಂದು ಕರೆದಿದೆ (ಅನ್ನಿಸಾ: 21). ದಂಪತಿಗಳ ನಡುವಿನ ಪ್ರೇಮ ಮತ್ತು ಕರುಣೆಯನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸಿದೆ (ಅರ್‌ರೂಮ್: 21). ಹಾಗಿದ್ದೂ ಅದು ಬಾಗಿಲನ್ನು ಮುಚ್ಚಲಿಲ್ಲ. ಆದರೆ ಬಾಗಿಲಿಗೆ ತಲುಪುವ ಮುನ್ನ ಮೆಟ್ಟಿಲುಗಳನ್ನು ಇಟ್ಟಿತು. ಬಿರುಕಿನ ಭಯವಿದ್ದರೆ ಪತಿಯ ಕುಟುಂಬದಿಂದ ಒಬ್ಬ, ಪತ್ನಿಯ ಕುಟುಂಬದಿಂದ ಒಬ್ಬ ಮಧ್ಯಸ್ಥನನ್ನು ನೇಮಿಸಬೇಕು. ಅವರು ಸುಧಾರಣೆ ಬಯಸಿದರೆ ಅಲ್ಲಾಹನು ಹೊಂದಾಣಿಕೆ ಉಂಟುಮಾಡುತ್ತಾನೆ ಎಂಬುದು ಅನ್ನಿಸಾ ಅಧ್ಯಾಯದ 35ನೇ ಸೂಕ್ತದ ಆಶಯ. ತಲಾಕ್ ನೀಡಿದರೂ ಇದ್ದತ್‌ನ ಅವಧಿಯಲ್ಲಿ ಪತ್ನಿಯನ್ನು ಮನೆಯಿಂದ ಹೊರಹಾಕಬಾರದು. ಅನಂತರ ಅಲ್ಲಾಹನು ಹೊಸ ಸ್ಥಿತಿಯನ್ನು ತಂದರೂ ತರಬಹುದು ಎಂಬ ಆಶೆಯನ್ನು ಅತ್ತಲಾಕ್ ಅಧ್ಯಾಯದ ಮೊದಲ ಸೂಕ್ತವೇ ಇಟ್ಟಿದೆ. ಅದರ ಮುಂದಿನ ಸೂಕ್ತ ನ್ಯಾಯನಿಷ್ಠರಾದ ಇಬ್ಬರನ್ನು ಸಾಕ್ಷಿಗಳಾಗಿ ನಿಲ್ಲಿಸಲು ಹೇಳುತ್ತದೆ. ಇರಿಸಿಕೊಳ್ಳುವುದಾದರೆ ಸೌಜನ್ಯದಿಂದ, ಬಿಡುವುದಾದರೆ ಒಳಿತಿನೊಂದಿಗೆ (ಅಲ್‌ಬಕರ: 229). ಪೀಡಿಸುವ ಉದ್ದೇಶದಿಂದ ಹಿಡಿದಿಟ್ಟುಕೊಳ್ಳುವಂತಿಲ್ಲ (231). ರಾಶಿ ಸಂಪತ್ತು ಕೊಟ್ಟಿದ್ದರೂ ಅದನ್ನು ಕಿತ್ತುಕೊಳ್ಳುವಂತಿಲ್ಲ (ಅನ್ನಿಸಾ: 20). ಋತುಮತಿಯಾಗಿದ್ದ ಪತ್ನಿಗೆ ತಲಾಕ್ ನೀಡಿದ ಇಬ್ನು ಉಮರ್(ರ) ಅವರಿಗೆ, ಆಕೆಯನ್ನು ಮರಳಿ ಸ್ವೀಕರಿಸಿ ಸರಿಯಾದ ಸಮಯಕ್ಕಾಗಿ ಕಾಯಲು ಪ್ರವಾದಿ(ಸ) ಆದೇಶಿಸಿದರು. ಕಾಯುವಷ್ಟರಲ್ಲಿ ಮನಸ್ಸು ಬದಲಾಗಲಿ ಎಂಬ ಕರುಣೆ ಅದರಲ್ಲಿದೆ.

ಎರಡು ಘಟನೆಗಳು ಇಸ್ಲಾಮಿನ ನಿಲುವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತವೆ. ಎರಡೂ ಸಹೀಹುಲ್ ಬುಖಾರಿಯಲ್ಲಿವೆ. ಸಾಬಿತ್ ಬಿನ್ ಕೈಸ್(ರ) ಅವರ ಪತ್ನಿ ಪ್ರವಾದಿಯವರ(ಸ) ಬಳಿ ಬಂದು, ತನ್ನ ಪತಿಯ ಧರ್ಮನಿಷ್ಠೆಯಲ್ಲಾಗಲಿ ನಡತೆಯಲ್ಲಾಗಲಿ ತನಗೆ ದೂರಿಲ್ಲ, ಆದರೆ ಅವರೊಂದಿಗೆ ಬಾಳಲಾರೆ, ಕರ್ತವ್ಯಲೋಪದ ಪಾಪಕ್ಕೆ ಗುರಿಯಾಗಬಯಸುವುದಿಲ್ಲ ಎಂದರು. ಪ್ರವಾದಿ(ಸ) ಪತಿಯ ತಪ್ಪಿಗೆ ಸಾಕ್ಷ್ಯ ಕೇಳಲಿಲ್ಲ. ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸುವೆಯಾ ಎಂದು ಕೇಳಿದರು. ಆಕೆ ಒಪ್ಪಿದಾಗ ಅದನ್ನು ಪಡೆದು ಒಂದು ತಲಾಕ್ ನೀಡುವಂತೆ ಸಾಬಿತ್‌ರಿಗೆ(ರ) ಹೇಳಿದರು. ಆದ್ದರಿಂದ ದೋಷಾರೋಪವಿಲ್ಲದ ವಿಚ್ಛೇದನವೇ ಅಧರ್ಮ ಎಂದು ಮುಸ್ಲಿಮನು ಹೇಳಲಾರ. ಇಲ್ಲಿ ನಾವು ಕ್ಯಾಥೊಲಿಕ್ ನೆರೆಯವರಿಂದ ಗೌರವದಿಂದಲೇ ಬೇರೆಯಾಗುತ್ತೇವೆ.

ಇನ್ನೊಂದು ಬರೀರಾ(ರ) ಅವರದು. ದಾಸ್ಯದಿಂದ ಬಿಡುಗಡೆಯಾದ ಆಕೆಗೆ, ಇನ್ನೂ ದಾಸರಾಗಿದ್ದ ಪತಿ ಮುಗೀಸ್(ರ) ಅವರೊಂದಿಗೆ ಉಳಿಯುವ ಅಥವಾ ಅಗಲುವ ಆಯ್ಕೆ ದೊರೆತಿತ್ತು. ಆಕೆ ಅಗಲಿಕೆಯನ್ನು ಆರಿಸಿಕೊಂಡರು. ಮುಗೀಸ್(ರ) ಮದೀನಾದ ಬೀದಿಗಳಲ್ಲಿ ಕಣ್ಣೀರು ಗಡ್ಡವನ್ನು ತೋಯಿಸುವಂತೆ ಅಳುತ್ತಾ ಆಕೆಯ ಹಿಂದೆ ಅಲೆದರು. ಅದನ್ನು ಕಂಡ ಪ್ರವಾದಿ(ಸ) ಆತನ ಬಳಿಗೆ ಮರಳಬಾರದೇ ಎಂದು ಬರೀರಾರನ್ನು ಕೇಳಿದರು. ಇದು ಆಜ್ಞೆಯೇ ಎಂದು ಆಕೆ ವಿಚಾರಿಸಿದಾಗ, ಅಲ್ಲ, ನಾನು ಶಿಫಾರಸು ಮಾಡುತ್ತಿದ್ದೇನೆ ಅಷ್ಟೇ ಎಂದರು. ತನಗೆ ಆತನ ಅಗತ್ಯವಿಲ್ಲ ಎಂದು ಆಕೆ ತಿಳಿಸಿದರು; ವಿಷಯ ಅಲ್ಲಿಗೇ ನಿಂತಿತು.

ಈ ಘಟನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಅಲ್ಲಾಹನ ಸಂದೇಶವಾಹಕರೇ(ಸ) ಒಂದು ವಿವಾಹದ ಪರವಾಗಿ ಮಾತನಾಡಲು ಮುಂದಾದರು. ಅವರ ಮಾತಿಗೆ ಆ ಮಹಿಳೆ ಇಲ್ಲ ಎಂದಾಗ ಅವರು ಒತ್ತಾಯಿಸಲಿಲ್ಲ, ಶಪಿಸಲಿಲ್ಲ, ಸಮುದಾಯವನ್ನು ಆಕೆಯ ವಿರುದ್ಧ ನಿಲ್ಲಿಸಲಿಲ್ಲ. ವಿವಾಹವನ್ನು ಉಳಿಸಲು ಯಾರಾದರೂ ಮಾತನಾಡಲೇಬೇಕು; ಆ ಮಾತು ಬಲವಂತವಾಗಬಾರದು. ಕ್ಯಾಥೊಲಿಕ್ ನ್ಯಾಯಮಂಡಳಿಯ ‘ಬಂಧದ ರಕ್ಷಕ’ ಮೊದಲರ್ಧವನ್ನು ಕಾಯುತ್ತಾನೆ. ಆಧುನಿಕ ಕಾನೂನು ಎರಡನೆಯ ಅರ್ಧವನ್ನು ಮಾತ್ರ ಕಾಯುತ್ತದೆ. ಪ್ರವಾದಿಯವರ(ಸ) ಮಾದರಿಯಲ್ಲಿ ಎರಡೂ ಇವೆ.

ನಮ್ಮಲ್ಲಿ ಮೆಟ್ಟಿಲುಗಳು ಎಲ್ಲಿ ಹೋದವು?

ಈಗ ನಮ್ಮ ಊರುಗಳ ಕಡೆಗೆ ತಿರುಗೋಣ. ಹೊನ್ನಾವರ, ಭಟ್ಕಳದ ಅಸಂಖ್ಯ ಕುಟುಂಬಗಳ ಪುರುಷರು ಗಲ್ಫ್ ದೇಶಗಳಲ್ಲಿ ದುಡಿಯುತ್ತಾರೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಸಿಗುವ ರಜೆಯ ಕೆಲವು ವಾರಗಳಲ್ಲಿ ಮದುವೆ ನಿಶ್ಚಯವಾಗಿ, ಮುಗಿದು, ವರ ಮರಳಿಹೋಗುತ್ತಾನೆ. ಮುಂದೆ ಬಿರುಕು ಬಂದರೆ ಅದು ಫೋನಿನಲ್ಲೇ ಬೆಳೆದು ಫೋನಿನಲ್ಲೇ ಮುಗಿಯುವ ಅಪಾಯವಿದೆ. ಒಂದೇ ಸಂದೇಶದಲ್ಲಿ ಮೂರು ತಲಾಕ್ ಬರೆದು ಕಳುಹಿಸುವುದಕ್ಕೆ ಇಂದು ದೇಶದ ಕಾನೂನಿನಲ್ಲಿ ಮಾನ್ಯತೆಯಿಲ್ಲ. 2019ರ ಕಾಯ್ದೆಯಂತೆ ಅದು ಮೂರು ವರ್ಷದವರೆಗೆ ಸೆರೆವಾಸಕ್ಕೆ ಗುರಿಪಡಿಸುವ ಅಪರಾಧ. ಕುಟುಂಬದ ವಿವಾದಕ್ಕೆ ಜೈಲುಶಿಕ್ಷೆ ತಕ್ಕ ಮದ್ದೇ ಎಂಬ ಬಗ್ಗೆ ನಮಗೆ ಗಂಭೀರ ಆಕ್ಷೇಪವಿದೆ. ಆದರೆ ಆ ಕಾಯ್ದೆ ಬರುವ ಮುನ್ನವೇ ಕುರ್‌ಆನಿನ ಮೆಟ್ಟಿಲುಗಳನ್ನು ನಾವೇ ಕಾಪಾಡಿಕೊಂಡಿದ್ದರೆ ಸರಕಾರಕ್ಕೆ ನೆಪವೇ ಸಿಗುತ್ತಿರಲಿಲ್ಲ. ಮೂರನ್ನು ಒಟ್ಟಿಗೆ ಹೇಳಿದರೆ ಎಷ್ಟೆಂದು ಪರಿಗಣಿಸಬೇಕು ಎಂಬ ಬಗ್ಗೆ ವಿದ್ವಾಂಸರ ನಡುವೆ ಚರ್ಚೆಯಿರಬಹುದು; ಹಾಗೆ ಹೇಳುವವನು ಮಧ್ಯಸ್ಥಿಕೆಯ, ಕಾಯುವಿಕೆಯ, ಮರಳುವಿಕೆಯ ಎಲ್ಲ ಅವಕಾಶಗಳನ್ನೂ ಒದ್ದುಹಾಕುತ್ತಾನೆ ಎಂಬ ಬಗ್ಗೆ ಚರ್ಚೆ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಅನ್ಯಾಯವೂ ಇದೆ. ಖುಲಾ ಕೇಳಿದ ಹೆಣ್ಣುಮಗಳನ್ನು ಪತಿ ಉತ್ತರಿಸದೆ ವರ್ಷಗಟ್ಟಲೆ ಕಾಯಿಸುತ್ತಾನೆ. ಅವನು ಊರಿಗೆ ಬರುವುದಿಲ್ಲ, ಖರ್ಚಿಗೆ ಕಳುಹಿಸುವುದಿಲ್ಲ, ಬಿಡುವುದೂ ಇಲ್ಲ. ತೂಗುಹಾಕಿದವಳಂತೆ ಬಿಡಬೇಡಿ ಎಂದು ಕುರ್‌ಆನ್ ಸ್ಪಷ್ಟವಾಗಿ ತಡೆದಿರುವುದು (ಅನ್ನಿಸಾ: 129) ಬಹುಪತ್ನಿಯರ ಸಂದರ್ಭದಲ್ಲಾದರೂ ಅದರ ನೀತಿ ಇಲ್ಲಿಗೂ ಅನ್ವಯಿಸುತ್ತದೆ. ಬೇರೆಯಾಗಿ ಬಾಳುತ್ತಾ ಮರುಮದುವೆಯಾಗಲಾಗದ ಕ್ಯಾಥೊಲಿಕ್ ಸಹೋದರಿಯನ್ನು ಕಂಡು ನಾವು ಮರುಗುತ್ತೇವೆ. ಆಕೆ ತನ್ನ ಧರ್ಮ ಹೇಳಿದ್ದಕ್ಕಾಗಿ ಹಾಗಿದ್ದಾಳೆ. ನಮ್ಮ ಸಹೋದರಿ ತನ್ನ ಧರ್ಮ ನಿಷೇಧಿಸಿದ್ದನ್ನು ನಾವು ಸಹಿಸಿಕೊಂಡದ್ದಕ್ಕಾಗಿ ಹಾಗಿದ್ದಾಳೆ.

ಮಾಡಬೇಕಾದುದು

ಭಟ್ಕಳದಲ್ಲಿ ಖಾಝಿಗಳಿದ್ದಾರೆ, ಜಮಾಅತ್‌ಗಳಿವೆ. ಕರಾವಳಿಯ ಪ್ರತಿಯೊಂದು ಊರಿನ ಮಸೀದಿಗೂ ಒಂದು ಆಡಳಿತವಿದೆ. ಹೊಸ ಸಂಸ್ಥೆಯ ಅಗತ್ಯವಿಲ್ಲ, ಇರುವ ವ್ಯವಸ್ಥೆಗೆ ಒಂದು ಕರ್ತವ್ಯವನ್ನು ಸ್ಪಷ್ಟವಾಗಿ ವಹಿಸಿದರೆ ಸಾಕು. ನಿಕಾಹ್‌ನ ದಿನವೇ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಹಕಮ್‌ರ, ಅಂದರೆ ಮಧ್ಯಸ್ಥರ ಹೆಸರನ್ನು ನಿಕಾಹ್‌ನಾಮಾದಲ್ಲಿ ಬರೆಸಬಹುದು. ಹಕಮ್‌ರು ದಂಪತಿಗಳ ಪ್ರತಿನಿಧಿಗಳೇ ಹೊರತು ಸ್ವತಂತ್ರ ತೀರ್ಪುಗಾರರಲ್ಲ ಎಂಬುದು ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಹಾಗಿರುವಾಗ ಅವರಿಗೆ ಎಷ್ಟು ಅಧಿಕಾರವಿದೆ ಎಂಬುದನ್ನು ಪ್ರೀತಿ ಇರುವ ದಿನವೇ ಬರೆದಿಡುವುದು ಜಗಳದ ದಿನ ಹುಡುಕುವುದಕ್ಕಿಂತ ಲೇಸು. ಅಖಿಲ ಭಾರತ ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್ 2005ರಲ್ಲೇ ಮಾದರಿ ನಿಕಾಹ್‌ನಾಮಾವನ್ನು ಪ್ರಕಟಿಸಿದೆ; ಅದರ ಮೇಲೆ ಸ್ಥಳೀಯ ಉಲಮಾಗಳು ಇದನ್ನು ಕಟ್ಟಬಹುದು.

ತಲಾಕ್ ಅಥವಾ ಖುಲಾದ ಮಾತು ಬಂದಾಗ, ಕ್ಯಾಥೊಲಿಕ್ ನ್ಯಾಯಮಂಡಳಿಯಲ್ಲಿರುವಂತೆ, ವಿವಾಹದ ಪರವಾಗಿ ಮಾತನಾಡುವ ಹೊಣೆ ಹೊತ್ತ ಒಬ್ಬರು ಜಮಾಅತ್‌ನಲ್ಲಿರಲಿ. ಹುಡುಗನ ತಂದೆ ಹುಡುಗನ ಪರ, ಹುಡುಗಿಯ ಅಣ್ಣ ಹುಡುಗಿಯ ಪರ ಮಾತನಾಡುವ ಕೋಣೆಯಲ್ಲಿ ಆ ಎರಡು ವರ್ಷದ ಮಗುವಿನ ಪರವಾಗಿ, ಆ ಕರಾರಿನ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಇರುವುದಿಲ್ಲ. ಆ ವ್ಯಕ್ತಿಯೊಂದಿಗೆ ಒಬ್ಬ ತಿಳಿದ ಮಹಿಳೆಯೂ ಇರಬೇಕು. ಹೆಣ್ಣುಮಕ್ಕಳು ಪುರುಷರ ಮುಂದೆ ಹೇಳಲಾಗದ ಸಂಗತಿಗಳು ಇರುತ್ತವೆ.

ಈ ಪ್ರಯತ್ನಕ್ಕೆ ಗಡುವು ಬೇಕು. ಅದು ಮುಗಿದೂ ಹೆಣ್ಣು ಒಲ್ಲೆ ಎಂದರೆ ಖುಲಾದ ದಾರಿ ತೆರೆಯಬೇಕು. ಪತಿ ಮೌನದಿಂದ ಅದನ್ನು ತಡೆಯಬಾರದು. ತಲಾಕ್ ನೀಡುವವನು ಬಾಕಿ ಮಹ್ರ್, ಇದ್ದತ್‌ನ ಖರ್ಚು, ಮಕ್ಕಳ ಪೋಷಣೆ ಮತ್ತು ಕುರ್‌ಆನ್ ಹೇಳಿದ ಮತಾಅ್ (ಅಲ್‌ಬಕರ: 241) ಇವುಗಳ ಲೆಕ್ಕವನ್ನು ಜಮಾಅತ್‌ನ ಮುಂದೆ ಒಪ್ಪಿಸಬೇಕು. ಏನೂ ಕೇಳದೆ ಬಿಟ್ಟುಬಿಡುವ ಕಾನೂನಿನ ವಿರುದ್ಧ ಕ್ಯಾಥೊಲಿಕರು ಎತ್ತಿದ ಪ್ರಶ್ನೆ ಇದೇ ತಾನೇ? ಆ ಪ್ರಶ್ನೆಗೆ ನಮ್ಮ ಶರೀಅತ್‌ನಲ್ಲಿ ಉತ್ತರವಿದೆ. ನಮ್ಮ ಆಚರಣೆಯಲ್ಲಿ ಇರಬೇಕು.

ಒಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಸಂಧಾನದ ಹೆಸರಿನಲ್ಲಿ ಹೊಡೆತ ತಿಂದ ಹೆಣ್ಣನ್ನು ಹೊಡೆಯುವವನ ಮನೆಗೇ ಮರಳಿ ಕಳುಹಿಸುವುದು ಸಂಧಾನವಲ್ಲ. ವಿಚ್ಛೇದನವನ್ನು ಒಪ್ಪದ ಕ್ಯಾಥೊಲಿಕ್ ಕಾನೂನು ಕೂಡ ಜೀವಕ್ಕೆ ಅಪಾಯವಿರುವಾಗ ಕೂಡಲೇ ದೂರವಿರಲು ಅನುಮತಿಸುತ್ತದೆ. ವಿಚ್ಛೇದನಕ್ಕೆ ಅವಕಾಶ ನೀಡಿದ ಧರ್ಮದ ಅನುಯಾಯಿಗಳು ಅದಕ್ಕಿಂತ ಕಠೋರರಾಗುವುದು ಹೇಗೆ ಸಾಧ್ಯ?

ಸಮಾನ ನಾಗರಿಕ ಸಂಹಿತೆಯ ಕೂಗು ಬಲವಾಗುತ್ತಿರುವ ಕಾಲವಿದು. ಉತ್ತರಾಖಂಡದಲ್ಲಿ ಅದು 2025ರ ಜನವರಿಯಿಂದ ಜಾರಿಯಲ್ಲಿದೆ. ವೈಯಕ್ತಿಕ ಕಾನೂನಿನ ರಕ್ಷಣೆಗಾಗಿ ನಾವು ಸಭೆ ನಡೆಸುತ್ತೇವೆ, ಮನವಿ ಸಲ್ಲಿಸುತ್ತೇವೆ. ಅದು ನಮ್ಮ ಹಕ್ಕು. ಆದರೆ ಶರೀಅತ್‌ನ ನ್ಯಾಯ ನಮ್ಮ ಹೆಣ್ಣುಮಕ್ಕಳಿಗೆ ನಮ್ಮ ಮೊಹಲ್ಲಾದಲ್ಲೇ ಸಿಗುವುದಕ್ಕಿಂತ ದೊಡ್ಡ ರಕ್ಷಣೆ ಅದಕ್ಕೆ ಇಲ್ಲ. ಸಿಗದಿದ್ದರೆ ಅವರು ಬೇರೆ ಕಟಕಟೆಯನ್ನು ಹುಡುಕಿಕೊಂಡು ಹೋಗುತ್ತಾರೆ, ಹೋದರೆ ಅವರನ್ನು ದೂರುವಂತಿಲ್ಲ.

ಸಹೋದರ ಸಹೋದರಿಯರೇ, ನಿಮ್ಮ ಕುಟುಂಬದಲ್ಲಿ, ನೆರೆಯಲ್ಲಿ ಒಂದು ದಾಂಪತ್ಯ ಬಿರುಕು ಬಿಡುತ್ತಿದೆಯೆಂದು ತಿಳಿದರೆ, ನಮಗೇಕೆ ಎಂದು ಸುಮ್ಮನಿರಬೇಡಿ. ಸುದ್ದಿ ಹರಡುತ್ತಲೂ ಕೂರಬೇಡಿ. ಬರೀರಾರ(ರ) ಬಳಿ ಪ್ರವಾದಿ(ಸ) ಹೇಗೆ ಮಾತನಾಡಿದರೋ ಹಾಗೆ, ಮೃದುವಾಗಿ, ಒಮ್ಮೆ, ವಿವಾಹದ ಪರವಾಗಿ ಮಾತನಾಡಿ. ಅವರು ಒಪ್ಪಿದರೆ ಅಲ್ಲಾಹನಿಗೆ ಸ್ತುತಿ. ಒಪ್ಪದಿದ್ದರೆ ಅಗಲಿಕೆಯಲ್ಲೂ ಅವರ ಘನತೆ ಉಳಿಯುವಂತೆ ಜೊತೆಗಿರಿ. ನಮ್ಮ ಮನೆಗಳಲ್ಲಿ ಪ್ರೇಮವನ್ನೂ ಕರುಣೆಯನ್ನೂ, ನಮ್ಮ ತೀರ್ಮಾನಗಳಲ್ಲಿ ನ್ಯಾಯವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.